ಕೋಳಿ ಸಾಕಿದ ನವಿಲು

ಚೇಳೂರಿನ ಭೀಮರಾಜನ ಮನೆಗೆ ಕಂಟಕ ಬಂದದ್ದು ಮೊಟ್ಟೆಯ ರೂಪದಲ್ಲಿ. ಅವನ ತಾಯಿ ದೊಡ್ಡಗಂಗಮ್ಮನಿಗೆ ರಾಗಿ ಹೊಲದಲ್ಲಿ ಕಳೆ ಕೀಳುವಾಗ, ನವಿಲೊಂದು ಬೆದರಿ ಬಿಟ್ಟುಹೋದ ಮೊಟ್ಟೆಗಳು ಸಿಕ್ಕಿದವು. ತಾಯಿಯಿಲ್ಲದ ಮೊಟ್ಟೆ, ಪಾಪ ಅನ್ನಿಸಿ ಸೆರಗಿನಲ್ಲಿ ಕಟ್ಟಿ ತಂದು, ಕಾವಿಗೆ ಕೂತಿದ್ದ ಕೋಳಿಯ ಹೊಟ್ಟೆಯಡಿ ಇಟ್ಟುಬಿಟ್ಟಳು. ಒಂದೇ ಒಂದು ಮರಿಯಾಯಿತು. ಕೋಳಿ ಅದರ ಕುಲಗೋತ್ರ ವಿಚಾರಿಸದೆ ಸಾಕಿತು. ಮರಿಯೂ ತಾನು ಕೋಳಿಯೇ ಎಂದು ನಂಬಿ ತಿಪ್ಪೆ ಕೆದರಿಕೊಂಡಿತ್ತು.

ತಲೆಯ ಮೇಲೆ ಜುಟ್ಟು ಮೂಡುವವರೆಗೆ ಎಲ್ಲ ಸರಿಯಾಗಿತ್ತು. ಒಂದು ಬೆಳಿಗ್ಗೆ ಎದುರುಮನೆಯ ಚನ್ನವೀರಯ್ಯ ಆ ಜುಟ್ಟನ್ನು ಕಂಡ. ಊರಿನ ಯಾವ ಮನೆಯಲ್ಲಿ ಏನು ಬೆಂದರೂ ಮುಚ್ಚಳ ತೆಗೆದು ನೋಡುವ ಆಸಾಮಿ ಅವನು.

"ಲೇ ಭೀಮ, ಇದು ರಾಷ್ಟ್ರಪಕ್ಷಿ ಕಣ್ಲಾ. ಸಾಕಿದ್ರೆ ಏಳು ವರ್ಷ ಒಳಗೆ ಹಾಕ್ತಾರೆ."

ಭೀಮರಾಜ ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಟ್ಟ. ಹಾಸ್ಟೆಲಿನಲ್ಲಿ ಅವನದು ಗುತ್ತಿಗೆಯ ಅಡುಗೆ ಕೆಲಸ; ಮುಂದಿನ ವಾರವೇ ಗುತ್ತಿಗೆ ಮುಂದುವರಿಯಬೇಕಿತ್ತು. ಮೈಮೇಲೆ ಒಂದು ಕೇಸು ಬಿದ್ದರೆ ಸೌಟು ಬೇರೆಯವರ ಕೈಗೆ. ಅವ್ವನಿಗೂ ಗೊತ್ತಿರಲಿಲ್ಲ, ತನಗೂ ಗೊತ್ತಿರಲಿಲ್ಲ ಎಂದು ಅಂಗಲಾಚಿದ. ಅಷ್ಟರಲ್ಲಿ ಬೀದಿಯವರೆಲ್ಲ ಸೇರಿದ್ದರು. ಒಬ್ಬರು ಸದ್ದಿಲ್ಲದೆ ಸಾರು ಮಾಡು ಅಂದರು, ಇನ್ನೊಬ್ಬರು ಗುಡ್ಡಕ್ಕೆ ಬಿಡು ಅಂದರು. ಗುಡ್ಡಕ್ಕೆ ಬಿಟ್ಟು ಬಂದರೆ ಅದು ಅವನಿಗಿಂತ ಮೊದಲೇ ಮನೆ ಸೇರಿ ಕೋಳಿಯ ಪಕ್ಕ ಕಾಳು ಹೆಕ್ಕುತ್ತಿತ್ತು.

ಕೊನೆಗೆ ಚನ್ನವೀರಯ್ಯನೇ ದಾರಿ ತೋರಿಸಿದ. ಗುಬ್ಬಿಯಲ್ಲಿ ಲಕ್ಷ್ಮೀನರಸಿಂಹಯ್ಯ ಎಂಬ ವಕೀಲರು ತನಗೆ ಬೇಕಾದವರು, ಅವರ ಮೂಲಕ ಅರಣ್ಯ ಇಲಾಖೆಯವರಿಗೆ ಒಪ್ಪಿಸಿದರೆ ಕೇಸಾಗುವುದಿಲ್ಲ ಎಂದ. ಕೋಳಿಯಿಲ್ಲದೆ ಮರಿ ಬುಟ್ಟಿಯಲ್ಲಿ ಕೂರಲಿಲ್ಲ. ಹಾಗಾಗಿ ಕೋಳಿಯನ್ನೂ ಕೂರಿಸಿಕೊಂಡು ಭೀಮರಾಜ ಬಸ್ಸು ಹತ್ತಿದ. ಜೊತೆಗೆ ಬಂದ ಚನ್ನವೀರಯ್ಯ, ಬುಟ್ಟಿಯಲ್ಲಿ ನವಿಲಿರುವ ವಿಷಯ ಯಾರಿಗೂ ಹೇಳಬೇಡಿ ಎಂದು ದಾರಿಯುದ್ದಕ್ಕೂ ಎಲ್ಲ ಸೀಟಿನವರಿಗೂ ಹೇಳುತ್ತಾ ಬಂದ.

ವಕೀಲರು ಬುಟ್ಟಿಯನ್ನು ಅಂಗಳದಲ್ಲೇ ಇಡಿಸಿ ಇಬ್ಬರನ್ನೂ ಒಳಗೆ ಕರೆದರು.

"ನಮಗೆ ಗೊತ್ತಿರ್ಲಿಲ್ಲ ಸಾರ್," ಎಂದ ಭೀಮರಾಜ.

"ಅದೊಂದನ್ನ ಮಾತ್ರ ಎಲ್ಲೂ ಹೇಳ್ಬೇಡಪ್ಪ. ಕಾನೂನು ಗೊತ್ತಿಲ್ಲ ಅನ್ನೋದು ಕೋರ್ಟಲ್ಲಿ ನಡೆಯಲ್ಲ. ಈ ದೇಶದಲ್ಲಿ ಹುಟ್ಟಿದ ಮೇಲೆ ಎಲ್ಲಾ ಕಾನೂನೂ ನಿಂಗೆ ಗೊತ್ತು ಅಂತ್ಲೇ ಲೆಕ್ಕ."

ಎಲ್ಲ ಕಾನೂನೂ ಗೊತ್ತಿದ್ದ ಭೀಮರಾಜ ತಲೆ ತಗ್ಗಿಸಿದ. ಇದಕ್ಕೆ ಯಾವ ಸೆಕ್ಷನ್ ಎಂದು ಚನ್ನವೀರಯ್ಯ ಕೇಳಿದ್ದಕ್ಕೆ ವಕೀಲರು ಕನ್ನಡಕ ಏರಿಸಿಕೊಂಡು ಮೊಬೈಲಿನಲ್ಲಿ ಹುಡುಕತೊಡಗಿದರು. ಸಿಕ್ಕ ಮೇಲೆ, ತಾವಾಗಿಯೇ ಒಪ್ಪಿಸಿದರೆ ಮಾತಾಡಿ ಬಿಡಿಸಬಹುದು ಎಂದು ಧೈರ್ಯ ಹೇಳಿ, ಅರಣ್ಯದವರಿಗೆ ಫೋನು ಮಾಡಿದರು. ಭೀಮರಾಜನಿಗೆ ಹೋದ ಜೀವ ಬಂದಂತಾಯಿತು.

ಆಗ ಅಂಗಳದಲ್ಲಿ ಕೋಳಿ ಕಿರುಚಿಕೊಂಡಿತು. ಓಡಿಹೋಗಿ ನೋಡಿದರೆ ಬುಟ್ಟಿ ಮಗುಚಿತ್ತು. ವಕೀಲರ ನಾಯಿ ಮರಿಯ ಕತ್ತು ಕಚ್ಚಿಕೊಂಡು ಬಾಲ ಅಲ್ಲಾಡಿಸುತ್ತಿತ್ತು. ಆ ಮರಿಗೆ ಅಂಗೈಯಲ್ಲಿ ಕಾಳು ತಿನ್ನಿಸಿದ್ದ ಭೀಮರಾಜನಿಗೆ ಕೇಸೂ ಮರೆತುಹೋಗಿ ಅಳು ಬಂತು.

"ನಿಮ್ಮ ನಾಯಿ ಸಾಯ್ಸಿಬಿಡ್ತಲ್ಲ ಸಾರ್."

"ಮೂಕಪ್ರಾಣಿ ಕಣಯ್ಯ. ಅದು ರಾಷ್ಟ್ರಪಕ್ಷಿ ಅಂತ ಇದಕ್ಕೇನು ಗೊತ್ತು?" ಎಂದ ವಕೀಲರು ನಾಯಿಯ ತಲೆ ಸವರಿ, ಹಿತ್ತಲಿಗೆ ಎಳೆದುಕೊಂಡು ಹೋಗಿ ಕಟ್ಟಿ ಬಂದರು.

ಅರಣ್ಯದವರ ಜೀಪು ಬಂದು ನಿಂತಾಗ ಅಂಗಳದಲ್ಲಿ ಇದ್ದದ್ದು ಸತ್ತ ಮರಿ, ಅದನ್ನು ಎಬ್ಬಿಸಲು ಕೊಕ್ಕಿನಿಂದ ಕುಟುಕುತ್ತಿದ್ದ ಕೋಳಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ಭೀಮರಾಜ. ಇದನ್ನು ಕೊಂದವರು ಯಾರು ಎಂದು ಗಾರ್ಡು ಕೇಳಿದ. ತಾವು ಒಳಗಿದ್ದೆವು, ಏನೂ ಗೊತ್ತಿಲ್ಲ ಎಂದರು ವಕೀಲರು. ತಾನು ಬೇರೆ ಕೆಲಸಕ್ಕೆ ಬಂದವನು, ಈ ಮನುಷ್ಯ ಯಾರೋ ಗೊತ್ತಿಲ್ಲ ಎಂದ ಚನ್ನವೀರಯ್ಯ. ಗಾರ್ಡು ಇಬ್ಬರನ್ನೂ ನಂಬಿದ.

"ನಿಂಗೇನಯ್ಯ ಗೊತ್ತು?" ಎಂದು ಭೀಮರಾಜನ ಕಡೆ ತಿರುಗಿದ.

ಗೊತ್ತಿಲ್ಲ ಅನ್ನಬಾರದು ಎಂದಿದ್ದ ವಕೀಲರ ಮುಖವನ್ನು ಭೀಮರಾಜ ನೋಡಿದ. ಅವರು ಕಣ್ಣಲ್ಲೇ ಎಚ್ಚರಿಸಿದರು.

"ಎಲ್ಲಾ ಗೊತ್ತು ಸಾರ್," ಎಂದ.

ಅವನನ್ನು ಜೀಪು ಹತ್ತಿಸಿದರು.