ಸ್ಟೇಷನ್ನಿನಲ್ಲಿ ಕೊಟ್ಟ ಕಾರ್ಡ್

ದಮಯಂತಿ: ಫೋನ್ ಮಾಡಿ ಹೋಗುವ ಅಂತ ಬಡ್ಕೊಂಡೆ. ಈಗ ನೋಡಿ, ಬೀಗ!

ನಾನು: ಫೋನಿನಲ್ಲಿ ‘ಕಾರ್ಡ್ ಕೊಡ್ಲಿಕ್ಕೆ ಬರ್ತೇವೆ’ ಅಂದ್ರೆ ಕರೆದದ್ದು ಫೋನಿನಲ್ಲೇ ಆಯ್ತಲ್ಲ? ಮತ್ತೆ ಕಾರ್ಡ್ ಎಂತಕ್ಕೆ? ಮದುವೆಗೆ ಕರೆಯುವುದಕ್ಕೆ ಒಂದು ಕ್ರಮ ಉಂಟು ಮಾರಾಯ್ತಿ.

ಮುಂಬಯಿ ಹತ್ತಿರದ ಬದಲಾಪುರದಲ್ಲಿ ಒಂದು ಕಟ್ಟಡದ ನಾಲ್ಕನೇ ಮಹಡಿ, ಲಿಫ್ಟ್ ಬಂದ್. ನನ್ನ ಕೈಯಲ್ಲಿ ಮಗಳು ನಿಶ್ಮಿತಾಳ ಮದುವೆ ಕಾರ್ಡ್, ಹೆಂಡತಿಯ ಕೈಯಲ್ಲಿ ಕುಂಕುಮದ ಕರಡಿಗೆ. ಎದುರಿಗೆ ಅವಳ ಅಣ್ಣ ಲೋಕನಾಥ ಬಾವನ ಮುಚ್ಚಿದ ಬಾಗಿಲು.

ದಮಯಂತಿ: ಸೋದರಮಾವ ಬರದಿದ್ರೆ ಮಗಳನ್ನು ಮಂಟಪಕ್ಕೆ ಯಾರು ಕರ್ಕೊಂಡು ಬರುವುದು? ನಿಮ್ಮ ಕ್ರಮವಾ?

ನಾನು: ಅದಕ್ಕೇ ಮನೆಗೇ ಬಂದದ್ದು. ಅವರ ಹಾಗೆ ಮಗಳ ಮದುವೆ ಕಾರ್ಡನ್ನು ಕಲ್ಯಾಣ ಸ್ಟೇಷನ್ನಿನಲ್ಲಿ ಕೊಟ್ಟು ಕೈ ತೊಳ್ಕೊಂಡೆನಾ?

ದಮಯಂತಿ: ಮೂರು ವರ್ಷ ಆಯ್ತು ಮಾರಾಯ್ರೆ! ಆ ಸಿಟ್ಟಿಗೆ ಅಣ್ಣನ ಮಗಳ ಮದುವೆಗೆ ನೀವೂ ಹೋಗ್ಲಿಲ್ಲ, ನನ್ನನ್ನೂ ಬಿಡ್ಲಿಲ್ಲ.

ಅಷ್ಟರಲ್ಲಿ ನನಗೆ ಫೋನ್ ಬಂತು. ಬಾವನದ್ದೇ.

ಲೋಕನಾಥ: ಬಾವ, ಎಲ್ಲಿದ್ದೀರಿ? ಡೊಂಬಿವಲಿಯಲ್ಲಿ ನಿಮ್ಮ ಮನೆ ಬಾಗಿಲಲ್ಲಿ ನಿಂತಿದ್ದೇವೆ. ನಮ್ಮ ಮಗ ಯೋಗೀಶನ ಮದುವೆ ನಿಶ್ಚಯ ಆಯ್ತು, ಕಾರ್ಡ್ ಕೊಡ್ಲಿಕ್ಕೆ ಬಂದದ್ದು. ಹೋದ ಸಲ ಸ್ಟೇಷನ್ನಿನಲ್ಲಿ ಕಾರ್ಡ್ ಕೊಟ್ಟು ತಪ್ಪಾಯ್ತು. ಫೋನ್ ಮಾಡಿದ್ರೆ ಅದಕ್ಕೂ ಬೇಜಾರು ಮಾಡ್ತೀರಂತ ಹೇಳದೇ ಬಂದೆವು.

ನಾನು: ಅಯ್ಯೋ, ನಾವು ನಿಮ್ಮ ಬಾಗಿಲಲ್ಲಿದ್ದೇವೆ! ಅಲ್ಲೇ ಇರಿ, ಬಂದೆವು.

ಲೋಕನಾಥ: ಛೆ, ನೀವು ಅಲ್ಲೇ ಇರಿ, ನಾವೇ ಬರ್ತೇವೆ.

ನಾನು: ಅದು ಕ್ರಮ ಅಲ್ಲ ಬಾವ, ಕರೆಯುವವರು ನಾವು...

ಲೋಕನಾಥ: ಕರೆಯುವವರು ನಾವೂ ಅಲ್ವಾ?

ದಮಯಂತಿ ಫೋನ್ ಕಿತ್ತುಕೊಂಡಳು.

ದಮಯಂತಿ: ಅಣ್ಣಾ, ಯಾರೂ ಯಾರ ಮನೆಗೂ ಬರುವುದು ಬೇಡ. ಕಲ್ಯಾಣ ನಡುವೆ ಸಿಗ್ತದಲ್ಲ, ಎಲ್ಲರೂ ಅಲ್ಲೇ ಇಳಿಯುವ.

ಹೀಗೆ, ಕ್ರಮ ಬಲ್ಲ ನಾನು ಅದೇ ಕಲ್ಯಾಣ ಸ್ಟೇಷನ್ನಿನಲ್ಲಿ, ವಡಾಪಾವ್ ಸ್ಟಾಲಿನ ಪಕ್ಕ, ಹೋಗುವವರ ಬರುವವರ ಮೊಣಕೈ ಏಟು ತಿನ್ನುತ್ತಾ ಮಗಳ ಮದುವೆ ಕಾರ್ಡ್ ಕೊಟ್ಟೆ.

ನಾನು: ಇಲ್ಲಿ ಕೊಟ್ಟೆ ಅಂತ ತಪ್ಪು ತಿಳಿಯಬೇಡಿ ಬಾವ. ಬರ್ತೀರಲ್ಲ?

ಲೋಕನಾಥ: ಇದೆಂಥ ಪ್ರಶ್ನೆ? ನೀವು ಕರೆಯದಿದ್ರೂ ಬರ್ತಿದ್ದೆ. ನನ್ನ ತಂಗಿಯ ಮಗಳಲ್ವಾ?

ನನಗೆ ನಾಚಿಕೆಯಾಯಿತು. ಅವರು ಕೊಡಬಂದ ಕಾರ್ಡಿಗೆ ಎರಡೂ ಕೈ ಚಾಚಿದೆ. ದಮಯಂತಿ ನಡುವೆ ಬಂದು ಅದನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

ದಮಯಂತಿ: ಇದು ನನ್ನ ಹತ್ತಿರ ಇರ್ಲಿ ಅಣ್ಣಾ. ಇವರ ಕೈಗೆ ಕೊಟ್ರೆ ನಾಳೆ ಪುನಃ ಎಲ್ಲಿ ಕೊಟ್ಟದ್ದು ಅಂತ ನೆನಪು ಮಾಡ್ಕೊಳ್ತಾರೆ.