ಖಾಸಿಂ ಸಾಬರು ಕಲಿಸಿದ ತುರ್ಕಿ ಎಣಿಕೆ

ಧೈರ್ಯವಂತರು ಹೆದರಬೇಕಾದರೆ ಅಪಾಯವೇ ಎದುರಿಗೆ ಬರಬೇಕು. ನನಗೆ ಸುದ್ದಿ ಬಂದರೆ ಸಾಕು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಚನ್ನಗಿರಿಯ ಕಾಫಿ ಹೋಟೆಲಿನಲ್ಲಿ ಯಾರೋ, "ಮೇಷ್ಟ್ರುಗಳ್ನೂ ಪಟಾಲಮ್ಮಿಗೆ ಎಳ್ಕಂಡು ಹೋಗ್ತಾರಂತೆ" ಅಂದರು. ಇನ್ನೊಬ್ಬರು, "ತುರ್ಕಿಯೋರೂ ಯುದ್ಧಕ್ಕೆ ಇಳೀತಾರಂತೆ" ಅಂದರು. ನಾನು ಶಾಲಾ ಮೇಷ್ಟ್ರು. ಎರಡು ಸುದ್ದಿಯನ್ನೂ ಕೂಡಿಸಿ, ಕಾಫಿ ಆರುವುದರೊಳಗೆ ನಾನು ಮನಸ್ಸಿನಲ್ಲೇ ತುರ್ಕರ ಸೆರೆಯಾಳಾಗಿಬಿಟ್ಟಿದ್ದೆ.

ನಮ್ಮ ಬೀದಿಯ ದರ್ಜಿ ಖಾಸಿಂ ಸಾಬರು ಹಿಂದಿನ ಮಹಾಯುದ್ಧದಲ್ಲಿ ನಿಜವಾಗಿಯೂ ತುರ್ಕರ ಕೈಗೆ ಸಿಕ್ಕಿದ್ದವರು. ಓಡಿಹೋಗಿ, "ಅಲ್ಲಿ ಬದುಕಾಕೆ ಏನು ಬರ್ಬೇಕು ಸಾಬ್ರೆ?" ಎಂದೆ.

"ಎಣಿಸಾಕೆ ಬರ್ಬೇಕ್ರಿ. ದಿನಾ ಬೆಳಿಗ್ಗೆ ಸಾಲಾಗಿ ನಿಲ್ಲಿಸೋರು. ನಮ್ಮ ನಮ್ಮ ನಂಬರು ಅವರ ಭಾಷೇಲಿ ಕೂಗ್ಬೇಕು. ತಪ್ಪಿದ್ರೆ ಚಾವಟಿ."

ಮಿಷನ್ನಿನ ಮುಂದೆ ಕೂತು, ಬಟ್ಟೆ ಹೊಲಿಯುತ್ತಲೇ ಕಲಿಸಿದರು: ಬಿರ್, ಇಕಿ, ಉಚ್, ದೊರ್ತ್, ಬೆಶ್, ಅಲ್ತಿ, ಯೆದಿ. ಭಾನುವಾರ ಮಧ್ಯಾಹ್ನ ಮಂಚದ ಮೇಲೆ ಮಲಗಿ, ಕಣ್ಣು ಮುಚ್ಚಿ, ಚಾವಟಿಯನ್ನು ನೆನೆದು ಬೆವರುತ್ತಾ ಬಾಯಿಪಾಠ ಮಾಡುತ್ತಿದ್ದೆ. ಆರು ಏಳಕ್ಕೆ ಬಂದು ನಾಲಿಗೆ ಸಿಕ್ಕಿಹಾಕಿಕೊಂಡಿತು. "ಅಲ್ತಿ, ಯೆದಿ... ಅಲ್ತಿ, ಯೆದಿ..."

ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಗೌರಮ್ಮನಿಗೆ ಅದು "ಅಳ್ತಿ, ಎದಿ" ಎಂದು ಕೇಳಿಸಿತು. "ಅಯ್ಯೋ, ಎದಿ ನೋವೇನ್ರಿ?" ಎಂದು ಓಡಿ ಬಂದಳು. ಮಧ್ಯೆ ಬಾಯಿ ಹಾಕಬೇಡ ಎಂದು ನಾನು ಕೈಯೆತ್ತಿದೆ. ಅವಳು ಅದನ್ನು ಕೊನೆಯ ನಮಸ್ಕಾರವೆಂದು ತಿಳಿದು ಡಾಕ್ಟರನ್ನು ಕರೆತರಲು ಹೊರಟೇಬಿಟ್ಟಳು.

ಡಾಕ್ಟರು ಬಂದವರೇ ಚೀಲದಿಂದ ಗೋಣಿ ಹೊಲಿಯುವ ದಬ್ಬಣದಂಥ ಸೂಜಿ ತೆಗೆದರು. "ಡಾಕ್ಟ್ರೇ, ಇದು ತುರ್ಕಿ ಎಣಿಕೆ!" ಎಂದು ಕೂಗಿದೆ. ಅವರು ಗೌರಮ್ಮನಿಗೆ, "ಬುದ್ಧಿಭ್ರಮಣೆ. ಕೈ ಗಟ್ಟಿಯಾಗಿ ಹಿಡ್ಕೊಳ್ಳಿ" ಅಂದರು. ನಾನು ಬೀದಿಗೆಲ್ಲ ಕೇಳುವಂತೆ ಖಾಸಿಂ ಸಾಬರನ್ನು ಕೂಗಿದೆ.

ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಅವರು ಬಂದರು. "ಇವ್ರು ಹೇಳ್ತಿರೋದು ಎಣಿಕೆನಾ?" ಎಂದು ಡಾಕ್ಟರು ಕೇಳಿದರು.

"ಹೌದ್ರಿ," ಎಂದ ಸಾಬರು ನಿಂತಲ್ಲೇ ಬಿರ್, ಇಕಿ ಎಂದು ಹೇಳತೊಡಗಿದರು. ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು, ಕೈಗಳು ತೊಡೆಗೆ ಅಂಟಿದವು. "ಅಲ್ತಿ!" ಎಂದು ಗಟ್ಟಿಯಾಗಿ ಕೂಗಿ ನಿಂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು.

"ಮುಂದೆ ಯೆದಿ ಅಲ್ವೇನ್ರಿ?" ಎಂದೆ.

"ಅಲ್ತಿ ನನ್ನ ನಂಬರು. ಯೆದಿ ನಂದಲ್ರಿ. ಪಕ್ಕದಾಗೆ ನಿಲ್ತಿದ್ದ ಹೊನ್ನಾಳಿ ಫಕೀರಪ್ಪಂದು. ಒಂದಿನ ಅವ ಕೂಗ್ಲಿಲ್ಲ. ತಿರುಗಿ ನೋಡಾಕೂ ನಂಗೆ ಹೆದ್ರಿಕೆ. ಕೂತ್ಕಂಡು ಎಷ್ಟಾದ್ರೂ ಹೇಳ್ತೀನ್ರಿ... ನಿಂತ್ರೆ ಆಗಲ್ಲ."

ಡಾಕ್ಟರು ಸೂಜಿಯನ್ನು ಚೀಲದಲ್ಲಿಟ್ಟರು. ಗೌರಮ್ಮ ಸಾಬರಿಗೆ ಕುರ್ಚಿ ತಂದು ಹಾಕಿದಳು. ಅವರು ಕೂತು, ನೀರು ಕುಡಿದು, ಬಹಳ ಹೊತ್ತಿನ ಮೇಲೆ ಎದ್ದು ಹೋದರು.

ಕೆಲವು ವಾರಗಳ ಮೇಲೆ ಸೈನ್ಯಕ್ಕೆ ಆಳು ಸೇರಿಸುವ ಸಾಹೇಬರು ನಿಜಕ್ಕೂ ಊರಿಗೆ ಬಂದರು. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದ ನಮ್ಮ ಮುಂದೆ ಹಾದು ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಕೂತ್ಕೊಳ್ಳಿ ಮೇಷ್ಟ್ರೆ" ಅಂದರು. ಅಷ್ಟು ಕಷ್ಟಪಟ್ಟು ಎಣಿಕೆ ಕಲಿತವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ!

"ಯಾಕಂತೆ?" ಎಂದು ಮನೆಯಲ್ಲಿ ಗೌರಮ್ಮ ಕೇಳಿದಳು.

"ಕಣ್ಣು ಸರಿಯಿಲ್ಲ ಅಂದ್ರು," ಎಂದೆ.

ಅವಳು ನೋಡಿದ್ದು ಮಾತ್ರ ಇನ್ನೂ ನಡುಗುತ್ತಿದ್ದ ನನ್ನ ಕಾಲುಗಳನ್ನು.