ಕಸ್ತೂರೆವ್ವನ ಪ್ರೊಸೆಸರ್ ವಿಜಯ

ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಪುಣ್ಯಯುಗವು ಕಳೆದು, ಕಂಪ್ಯೂಟರೆಂಬ ವಿದ್ಯುನ್ಮಯ ಮಹಾಯಂತ್ರವು ಬೆಟಗೇರಿಯ ಓಣಿ ಓಣಿಗಳನ್ನು ಆಕ್ರಮಿಸಿಕೊಂಡ ಕಾಲದಲ್ಲಿ, ಉಳ್ಳಾಗಡ್ಡಿ ವಂಶಸಾಗರದಲ್ಲಿ ಜನಿಸಿ ಮೆಣಸಿನಕಾಯಿ ವಂಶಗಗನವನ್ನು ಬೆಳಗಿದ, ಸಹಸ್ರಲಗ್ನಪತ್ರಿಕಾರಚನಾಧುರಂಧರೆಯೂ ಕಾಗುಣಿತದೋಷಭಯಂಕರೆಯೂ ಆದ ಕಸ್ತೂರೆವ್ವನ ಪರಾಕ್ರಮವನ್ನು ಹೇಳಹೊರಟಿದ್ದೇವೆ. ಎಲೈ ವಾಗ್ದೇವಿಯೇ, ನಾಲಿಗೆಯ ಮೇಲೆ ನೆಲಸು. ಕರೆಂಟಿನ ಅಧಿದೇವತೆಯೇ, ಕಥೆ ಮುಗಿಯುವವರೆಗೆ ಹೋಗದಿರು.

ಕಸ್ತೂರೆವ್ವ ಮತ್ತವಳ ಪತಿಯ ಡಿಟಿಪಿ ಅಂಗಡಿಯಲ್ಲಿ ಯಂತ್ರಗಳೆರಡು. ಒಂದೇ ದಿನ ಒಂದೇ ಟಂಟಂ ಗಾಡಿಯಲ್ಲಿ ಬಂದಿಳಿದ ಅವು ರೂಪದಲ್ಲಿ ಅವಳಿಗಳು. ಆದರೆ ಪ್ರೊಸೆಸರು, ಅಂದರೆ ಯಂತ್ರದ ಮಿದುಳು, ಮುಂದಿನದರಲ್ಲಿ ಚುರುಕು, ಒಳಗಿನದರಲ್ಲಿ ಮಂದ. ಮುಂದಿನ ಯಂತ್ರದೆದುರು ಗಿರಾಕಿಸ್ವಾಗತನಿಪುಣನೂ ಇಸ್ಪೀಟುಕ್ರೀಡಾವಿಶಾರದನೂ ಆದ ಪತಿ ಚನ್ನವೀರಪ್ಪನು ವಿರಾಜಮಾನನಾಗಿರುತ್ತಿದ್ದನು. ಪ್ಲೈವುಡ್ ಗೋಡೆಯಾಚೆ ಒಳಗಿನದರ ಮುಂದೆ ಕಸ್ತೂರೆವ್ವ ದುಡಿಯುತ್ತಿದ್ದಳು. ಅವಳು ‘ಶ್ರೀ’ ಎಂದು ಒತ್ತಿದರೆ, ತೆರೆಯ ಮೇಲೆ ಶ್ರೀಕಾರವು ಮೂಡುವಷ್ಟರಲ್ಲಿ ಸೆರಗಿನಿಂದ ಕನ್ನಡಕ ಒರೆಸಿ ಮತ್ತೆ ಹಾಕಿಕೊಳ್ಳಬಹುದಿತ್ತು.

ವೈಶಾಖದ ಒಂದು ಬುಧವಾರ ಮುಂಜಾನೆ ಹುಲಕೋಟಿಯ ಫಕೀರಪ್ಪಜ್ಜನು ಮೊಮ್ಮಗಳ ಲಗ್ನಪತ್ರಿಕೆಗಾಗಿ ಬಂದು ಕುಳಿತನು. ಮೂರು ಗಂಟೆಗೆ ಪತ್ರಿಕೆ ಪ್ರೆಸ್ಸಿಗೆ ಹೋಗಬೇಕು. ಸುಖಾಗಮನ ಬಯಸುವವರೇ ಎಂಬತ್ನಾಲ್ಕು ಮಂದಿ. ಮೂವತ್ತೊಂದನೆಯ ಹೆಸರಿನಲ್ಲಿ ಒಳಗಿನ ಯಂತ್ರವು ಮೂರನೆಯ ಬಾರಿಗೆ ಕಲ್ಲಾಯಿತು.

“ಇನ್ನೂ ಎಷ್ಟೊತ್ತರೀ?” ಎಂದನು ಅಜ್ಜ.

“ಏನ್ ಮಾಡೂದ್ರಿ ಅಜ್ಜಾರ,” ಎಂದನು ಚನ್ನವೀರಪ್ಪ, ತೆರೆಯ ಮೇಲೆ ಇಸ್ಪೀಟಿನ ರಾಣಿಯನ್ನು ರಾಜನ ಕೆಳಗೆ ಇಳಿಸುತ್ತ, “ನಮ್ಮಾಕಿ ಕೈ ಸ್ವಲ್ಪ ನಿಧಾನ.”

ಈ ವಾಕ್ಯವು ಪ್ಲೈವುಡ್ ಗೋಡೆಯನ್ನು ಭೇದಿಸಿ ಕಸ್ತೂರೆವ್ವನ ಕರ್ಣಗಳಲ್ಲಿ ನಾಟಿತು. ಇಪ್ಪತ್ತೆರಡು ವರ್ಷದ ದುಡಿಮೆ! ಅರ್ಧ ಊರಿನ ಮದುವೆಗಳು ಅವಳ ಹತ್ತು ಬೆರಳುಗಳಿಂದಲೇ ಇಳಿದು ಬಂದಿದ್ದವು. ಎಷ್ಟು ಗಿರಾಕಿಗಳಿಗೆ ಈ ಮಾತು ಹೋಗಿದೆಯೋ! ಅವಳ ಕೋಪವು ಪ್ರಳಯಾಗ್ನಿಯಂತೆ ಏರಿತು. ಅವಳು ಹೊರಗೆ ಬಂದಳು.

“ಯಾರ ಕೈರೀ ನಿಧಾನ? ನಿಮ್ಮ ಮಿಷನ್ನಿನ ಪ್ರೊಸೆಸರ್ ಬಿಚ್ಚಿ ನನ್ನದಕ್ಕ ಹಾಕ್ತೀನಿ, ನನ್ನದು ನಿಮಗ. ಆಮ್ಯಾಲೆ ನೋಡೂಣು, ನಿಧಾನ ಯಾರಂತ!”

ಮೆಣಸಿನಕಾಯಿ ಕುಲತಿಲಕನು ಮೀಸೆಯ ಮೇಲೆ ಕೈಯಿಟ್ಟು ಗರ್ಜಿಸಿದನು: “ಈ ಮಿಷನ್ ಬಿಚ್ಚಾವರು ಬೆಟಗೇರಿಯೊಳಗ ಇನ್ನೂ ಹುಟ್ಟಿಲ್ಲ! ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದಾಗ ಸೈತ ನಾನು ಮುಂದ ನಿಂತು ಬಿಚ್ಚಿಸೀನಿ!”

“ಬಿಚ್ಚಿಸೀರಿ. ಕಣ್ಣಿಟ್ಟು ನೋಡಿದಾಕಿ ನಾನು.”

ಆಗ ಆ ವೀರಾಂಗನೆಯು ಸೆರಗನ್ನು ನಡುವಿಗೆ ಬಿಗಿದು, ಎರಡೂ ಯಂತ್ರಗಳ ಪ್ಲಗ್ಗು ಕಿತ್ತು, ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿ, ಸ್ಕ್ರೂಡ್ರೈವರೆಂಬ ದಿವ್ಯಾಯುಧದಿಂದ ಅವುಗಳ ಕವಚವನ್ನು ಕಳಚಿದಳು. ಏಳು ವರ್ಷಗಳ ಧೂಳು ಕಾರ್ಮುಗಿಲಿನಂತೆ ಎದ್ದಿತು. ಅಜ್ಜನು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡನು. ಚನ್ನವೀರಪ್ಪನು ನಾಲ್ಕು ಸಲ ಸೀನಿದನು. ಕಸ್ತೂರೆವ್ವ ರೆಪ್ಪೆ ಬಡಿಯಲಿಲ್ಲ. ಅಡ್ಡ ಬಂದ ವಾಯರುಗಳನ್ನು ಕಿತ್ತು, ಮುಂದಿನ ಯಂತ್ರದ ಪ್ರೊಸೆಸರಿನ ಮೇಲೆ ಒಣಗಿದ ಅಂಟಿಗೆ ಕಚ್ಚಿಕೊಂಡಿದ್ದ ಫ್ಯಾನನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿದಾಗ, “ಹಗೂರಕ! ಹಗೂರಕ!” ಎಂದು ಪತಿಯು ಹೆರಿಗೆಮನೆಯ ಬಾಗಿಲಲ್ಲಿ ನಿಂತವನಂತೆ ಹಲುಬಿದನು.

ಫ್ಯಾನು ಕಳಚಿತು. ಶೇಂಗಾ ಚಿಕ್ಕಿಯ ತುಣುಕಿನಷ್ಟೇ ಇದ್ದ ಆ ಮಿದುಳನ್ನು ಅವಳು ಎರಡು ಬೆರಳುಗಳಲ್ಲಿ ಎತ್ತಿದಳು. ಇದಕ್ಕಾಗಿಯೇ ಇಷ್ಟು ವರ್ಷ ಹಂಗಿಸಿಕೊಂಡೆನೇ ಎಂದು ಅವಳಿಗೆ ಒಂದು ಕ್ಷಣ ಅನಿಸಿತು. ತನ್ನ ಯಂತ್ರದ್ದನ್ನೂ ಹಾಗೆಯೇ ಬಿಡಿಸಿ, ಇದರ ಮನೆಗೆ ಅದನ್ನೂ ಅದರ ಮನೆಗೆ ಇದನ್ನೂ ಕೂಡಿಸಬೇಕೆಂದಾಗ, ದಿಕ್ಕು ತೋರುವ ಮೂಲೆಯ ಗುರುತು ಮಬ್ಬಿನಲ್ಲಿ ಕಾಣಲಿಲ್ಲ. ಆಗ ಹಿಂದಿನಿಂದ ಬೆಳಕು ಬಿದ್ದಿತು. ಚನ್ನವೀರಪ್ಪ ಯಾರೂ ಹೇಳದೆ ಮೊಬೈಲಿನ ಟಾರ್ಚು ಹಚ್ಚಿ ಹಿಡಿದಿದ್ದನು.

ಕೀಲು ಬಿಗಿದು, ಮೆಕ್ಯಾನಿಕ್ ಬಿಟ್ಟುಹೋಗಿದ್ದ, ಕಾವು ಇಳಿಸುವ ಪೇಸ್ಟನ್ನು ತೊಗರಿಕಾಳಿನಷ್ಟು ಇಟ್ಟು, ಎಲ್ಲವನ್ನೂ ಜೋಡಿಸಿ, ಯಂತ್ರಗಳನ್ನು ಅವುಗಳ ಜಾಗಗಳಲ್ಲಿಯೇ ಇಟ್ಟು, ಕಸ್ತೂರೆವ್ವ ತನ್ನ ಯಂತ್ರದ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ತೆರೆ ಮಾತ್ರ ಅಮಾವಾಸ್ಯೆಯಾಗಿಯೇ ಉಳಿಯಿತು. ಮತ್ತೆ ಒತ್ತಿದಳು. ಮತ್ತೆ ಅಮಾವಾಸ್ಯೆ. ಗಡಿಯಾರವು ಒಂದು ಹೊಡೆಯಿತು. ಎಂಬತ್ನಾಲ್ಕು ಹೆಸರುಗಳು, ಒಂದು ಮದುವೆ, ಕೆಟ್ಟುಹೋದ ಯಂತ್ರ. ಪತಿಯು ಈಗ ನಕ್ಕಿದ್ದರೆ ಯುದ್ಧವು ಅವನದೇ ಆಗುತ್ತಿತ್ತು.

ಅವನು ಬಗ್ಗಿ ನೋಡಿದನು. “ಆ ಚೌಕ್ ವಾಯರ್ ಹಾಕಿಲ್ಲಲ್ಲ ನೀ. ಪ್ರೊಸೆಸರಿಗೆ ಕರೆಂಟ್ ತರೂದು ಅದ.”

ಅವಳು ಅದನ್ನು ಸಿಕ್ಕಿಸಿ ಗುಂಡಿ ಒತ್ತಿದಳು. ತೆರೆ ಬೆಳಗಿತು.

ಮುಂದಿನದು ಯುದ್ಧವಲ್ಲ, ದಿಗ್ವಿಜಯ. ಹತ್ತು ಬೆರಳುಗಳು ದಶದಿಕ್ಕುಗಳಲ್ಲಿ ಸಂಚರಿಸಿದವು. ಅಕ್ಷರಗಳು ಒತ್ತುವ ಮೊದಲೇ ಬಂದು ನಿಂತಂತೆ ಕಂಡವು. ಎರಡಾಗುವ ಮುನ್ನ ಎಂಬತ್ನಾಲ್ಕು ಹಿತೈಷಿಗಳೂ ಒತ್ತು ದೀರ್ಘಗಳ ಸಮೇತ ಸಾಲುಗಟ್ಟಿ ನಿಂತರು. ಅತ್ತ ಮುಂದಿನ ಯಂತ್ರದಲ್ಲಿ ಇಸ್ಪೀಟಿನ ಎಲೆಗಳು ಇನ್ನೂ ಒಂದೊಂದಾಗಿ ಇಳಿಯುತ್ತಿದ್ದವು.

“ಅಜ್ಜಾರ,” ಎಂದನು ಚನ್ನವೀರಪ್ಪ, ತೆರೆಯಿಂದ ಕಣ್ಣೆತ್ತದೆ, “ಮುಂಜಾನಿ ಅಂದದ್ದು ತಪ್ಪಾತ್ರಿ. ನಿಧಾನ ಆಕಿ ಕೈ ಅಲ್ಲ.”

ಪ್ಲೈವುಡ್ಡಿನ ಆಚೆ ಕಸ್ತೂರೆವ್ವನ ಬೆರಳುಗಳು ಅರೆಕ್ಷಣ ನಿಂತವು. ದೇವತೆಗಳು ಆಕಾಶದಲ್ಲಿ ನೆರೆದು ಪುಷ್ಪವೃಷ್ಟಿಗೆ ಸಿದ್ಧರಾದರು.

ಫಕೀರಪ್ಪಜ್ಜನು ಎದ್ದು ಗೋಡೆಯ ಅಂಚಿನಲ್ಲಿ ನಿಂತು ಆ ಯಂತ್ರವನ್ನೊಮ್ಮೆ, ಈ ಯಂತ್ರವನ್ನೊಮ್ಮೆ ನೋಡಿದನು. “ಯವ್ವಾ, ನನಗ ಇದರಾಗಿಂದು ಏನೂ ತಿಳೀದಿಲ್ಲ. ಒಂದು ಕೇಳ್ಲೇನು? ಎರಡೂ ಮಿಷನ್ ನಿಮ್ಮವ ಹೌದಿಲ್ಲೊ?”

“ಹೌದ್ರಿ.”

“ಹಂಗಾದ್ರ ಆತ ಇಲ್ಲಿಂದೆದ್ದು ಅಲ್ಲಿ, ನೀ ಅಲ್ಲಿಂದೆದ್ದು ಇಲ್ಲಿ ಕುಂತಿದ್ರ ಆಗ್ತಿರಲಿಲ್ಲೇನು?”

ಚನ್ನವೀರಪ್ಪನು ಹೆಂಡತಿಯನ್ನು ನೋಡಿದನು. ಹೆಂಡತಿಯು ಪ್ರಿಂಟರನ್ನು ನೋಡಿದಳು. ಅದು ನಿಧಾನವಾಗಿ ಒಂದು ಹಾಳೆಯನ್ನು ಹೊರಹಾಕಿತು.

ಕಸ್ತೂರೆವ್ವ ಅದನ್ನು ಅಜ್ಜನ ಕೈಗಿತ್ತಳು. “ಮೊಮ್ಮಗಳ ಹೆಸರು ಬರೋಬ್ಬರಿ ಐತೇನು, ನೋಡ್ರಿ.”